ತಂಗಡಿಯ ಕಿವಿ ನೋಡಿ

ಗುಬ್ಬಿ ತಾಲ್ಲೂಕಿನ ಓದುಗರೊಬ್ಬರ ಪತ್ರ: "ನಮ್ಮ ಹೊಲದ ಬದುವಿನ ತುಂಬಾ ಹಳದಿ ಹೂವಿನ ತಂಗಡಿ. ಜೆಸಿಬಿ ತರಿಸಿ ತೆಗೆಸೋಣ ಅಂತಾನೆ ಮಗ. ಅಂಗಡಿಯಲ್ಲಿ ಆವರಿಕೆ ಪುಡಿ ಅಂತ ಮಾರೋದು ಇದೇನಾ? ಸಕ್ಕರೆ ಕಾಯಿಲೆಗೆ ಇದರ ಹೂವಿನ ಕಷಾಯ ಕುಡಿಯಬಹುದಾ?"

ಮಾನ್ಯರೇ,

ಜೆಸಿಬಿ ಬೇಡ ಅಂತ ಮೊದಲು ಮಗನಿಗೆ ಹೇಳಿ. ತಂಗಡಿಯೇ ಆವರಿಕೆ. ಪಾವಗಡದ ಕಡೆ ತೆಲುಗಿನಲ್ಲಿ ತಂಗೇಡು ಅನ್ನುವುದೂ ಇದನ್ನೇ. ತೆಲಂಗಾಣಕ್ಕೆ ಇದು ರಾಜ್ಯದ ಹೂವು, ಬತುಕಮ್ಮ ಹಬ್ಬಕ್ಕೆ ಬೇಕೇ ಬೇಕು.

ಆದರೆ ಹೆಸರು ನಂಬಿ ಪುಡಿ ಕೊಳ್ಳಬೇಡಿ. ನೆಲಾವರಿಕೆ ಬೇರೆ ಗಿಡ. ಸೋನಾಮುಖಿ ಅನ್ನುವುದು ಅದನ್ನೇ, ಅದರ ಎಲೆ ಭೇದಿ ಮಾಡಿಸುತ್ತದೆ. ರಸ್ತೆ ಬದಿಯ ಸೀಮೆ ತಂಗಡಿ ಮರವೂ ಬೇರೆಯೇ. ಗುರುತು ಹಿಡಿಯುವುದು ಸುಲಭ. ಎಲೆಕಡ್ಡಿ ಕೊಂಬೆಗೆ ಸೇರುವ ಜಾಗ ನೋಡಿ. ಅಲ್ಲಿ ಅಗಲವಾದ ಹಸಿರು ಕಿವಿಗಳು ಕೊಂಬೆಗೆ ಅಂಟಿಕೊಂಡಿರುತ್ತವೆ. ಶಾಸ್ತ್ರೀಯ ಹೆಸರಿನ 'ಆರಿಕ್ಯುಲೇಟಾ' ಅಂದರೂ ಕಿವಿಯುಳ್ಳದ್ದು ಅಂತಲೇ ಅರ್ಥ.

ಚರ್ಮ ಹದ ಮಾಡುವವರಿಗೆ ಒಂದು ಕಾಲದಲ್ಲಿ ಈ ಗಿಡದ ತೊಗಟೆಯೇ ಆಧಾರ. ಅದರ ಒಗರಿನಿಂದ ಹಸಿ ಚರ್ಮ ಕೊಳೆಯದೆ ಗಟ್ಟಿಯಾಗುತ್ತಿತ್ತು. ಹೊರದೇಶದ ವಾಟಲ್ ಮರದ ತೊಗಟೆ, ಆಮೇಲೆ ಕ್ರೋಮ್ ಅನ್ನುವ ರಾಸಾಯನಿಕ ಬಂದು ಆ ಕಸುಬು ಸೊರಗಿತು.

ಒಮ್ಮೆ ಬೆಳಿಗ್ಗೆ ಎಂಟರ ಹೊತ್ತಿಗೆ ಬದುವಿನ ಹತ್ತಿರ ಸುಮ್ನೆ ನಿಂತು ನೋಡಿ. ಈ ಹೂವಿನಲ್ಲಿ ಮಕರಂದ ಇಲ್ಲ. ಪರಾಗ ಇರುವ ಚೀಲದ ತುದಿಯಲ್ಲಿ ಸಣ್ಣ ತೂತು, ಅಷ್ಟೇ. ದೊಡ್ಡ ಕರಿ ದುಂಬಿ ಅದನ್ನು ಅಪ್ಪಿ ಹಿಡಿದು ಝುಂಯ್ ಅಂತ ನಡುಗಿಸುತ್ತದೆ, ಆಗ ಪುಡಿ ಉದುರಿ ಅದರ ಹೊಟ್ಟೆಗೆಲ್ಲ ಮೆತ್ತುತ್ತದೆ. ನಿಮ್ಮ ತೊಗರಿ, ಅವರೆ ಹೂವಿಗೆ ಬರುವುದೂ ಇಂಥ ದುಂಬಿಗಳೇ ಅಲ್ವಾ! ನನ್ನ ಮಟ್ಟಿಗೆ, ಗಿಡ ಉಳಿಸಲು ಇದೊಂದೇ ಕಾರಣ ಸಾಕು.

ಸಕ್ಕರೆ ಕಾಯಿಲೆಯ ಮಾತು. ಇಲಿಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಹೂವಿನ ಸಾರ ಸಕ್ಕರೆ ಇಳಿಸಿದ್ದುಂಟು. ಹಾಗಂತ ಮಾತ್ರೆ ಬಿಡಬೇಡಿ. ಮಾತ್ರೆಯ ಜೊತೆ ಕಷಾಯವೂ ಸೇರಿದರೆ ಸಕ್ಕರೆ ಜಾಸ್ತಿ ಇಳಿದು ತಲೆ ಸುತ್ತಬಹುದು. ಡಾಕ್ಟರಿಗೆ ಹೇಳಿಯೇ ಕುಡಿಯಿರಿ. ಹೂವನ್ನು ನಿಮ್ಮ ಬದುವಿನಿಂದಲೇ ಬಿಡಿಸಿ, ನೆರಳಲ್ಲಿ ಒಣಗಿಸಿ. ಪಕ್ಕದ ಹೊಲದಲ್ಲಿ ಔಷಧಿ ಹೊಡೆದಿದ್ದರೆ ಮಾತ್ರ ಮುಟ್ಟಬೇಡಿ.

ದಾರಿಗೆ ಅಡ್ಡ ಬರುವ ಗಿಡಗಳನ್ನಷ್ಟೇ ಮೊಣಕಾಲೆತ್ತರಕ್ಕೆ ಕತ್ತರಿಸಿ, ಸೊಪ್ಪನ್ನು ತೆಂಗಿನ ಬುಡಕ್ಕೆ ಹಾಕಿ. ಒಂದೆರಡು ಮಳೆ ಬಿದ್ದರೆ ಬುಡ ಮತ್ತೆ ಚಿಗುರುತ್ತದೆ.

— ಸಂ.