ಕಲೆಯ ಗಂಧಗಾಳಿ ಇಲ್ಲದವರು ಕೊರಿಯಾದ ರಾಷ್ಟ್ರೀಯ ಆಧುನಿಕ ಕಲಾ ಮ್ಯೂಸಿಯಂಗೆ ಹೋಗಬಹುದೇ? ಸುವೊನ್‌ಗೆ ಆಫೀಸ್ ಕೆಲಸದ ಮೇಲೆ ಬಂದಿದ್ದೇನೆ, ಒಂದೇ ದಿನ ಬಿಡುವಿದೆ.

ಧಾರಾಳವಾಗಿ ಹೋಗಿ. ಆದರೆ ಈ ಮ್ಯೂಸಿಯಂ ಒಂದೇ ಕಟ್ಟಡವಲ್ಲ, ನಾಲ್ಕು ಕಡೆ ಇದೆ. ಸಿಯೋಲ್‌ನಲ್ಲೇ ಎರಡು: ಗ್ಯೊಂಗ್ಬೊಕ್ಗುಂಗ್ ಅರಮನೆಯ ಪಕ್ಕದ್ದು, ಡೊಕ್ಸುಗುಂಗ್ ಅರಮನೆಯ ಒಳಗಿನದು. ಮೂರನೆಯದು ಚೊಂಗ್ಜು ಊರಿನ ಹಳೇ ತಂಬಾಕು ಕಾರ್ಖಾನೆಯಲ್ಲಿ. ಇನ್ನೊಂದು ಸಿಯೋಲ್‌ಗೆ ತಾಗಿದ ಗ್ವಾಚನ್ ಊರಿನ ಬೆಟ್ಟದ ಬುಡದಲ್ಲಿ, 1986ರಲ್ಲಿ ತೆರೆದದ್ದು. ಪ್ರವಾಸಿಗರನ್ನು ಸಾಮಾನ್ಯವಾಗಿ ಮೊದಲನೆಯದಕ್ಕೇ ಕಳಿಸುತ್ತಾರೆ. ನಾನು ಹೇಳೋದು, ನೀವು ಗ್ವಾಚನ್‌ಗೆ ಹೋಗಿ. ಸುವೊನ್‌ನಿಂದ ಅದೇ ಹತ್ತಿರವೂ ಹೌದು.

ಕಾರಣ ನಾಮ್ ಜೂನ್ ಪೈಕ್. ಟಿವಿ, ವಿಡಿಯೊಗಳನ್ನೇ ಬಳಸಿ ಮಾಡುವ ವಿಡಿಯೊ ಕಲೆಗೆ ಅಡಿಪಾಯ ಹಾಕಿದವರು. ಸಿಯೋಲ್ ಒಲಿಂಪಿಕ್ಸ್ ನಡೆದ 1988ರಲ್ಲಿ ಅವರು ಇಲ್ಲಿ 1,003 ಟಿವಿಗಳನ್ನು ಹದಿನೆಂಟು ಮೀಟರಿಗೂ ಎತ್ತರದ ಗೋಪುರವಾಗಿ ಪೇರಿಸಿದರು. ಅಕ್ಟೋಬರ್ 3 ಕೊರಿಯಾ ದೇಶ ಹುಟ್ಟಿದ ದಿನವೆಂದು ಆಚರಿಸುತ್ತಾರೆ, ಹತ್ತನೇ ತಿಂಗಳು, ಮೂರನೇ ದಿನ (10-03) ಎಂಬ ಲೆಕ್ಕಕ್ಕೇ 1,003. ಸುತ್ತ ಇಳಿಜಾರು ದಾರಿ ಸುರುಳಿಯಾಗಿ ಮೇಲೇರುತ್ತದೆ. ಕೆಳಗೆ ದೊಡ್ಡ ಟಿವಿಗಳು, ತುದಿಗೆ ಹೋದಂತೆ ಚಿಕ್ಕವು.

ಹಳೇ ಪಿಕ್ಚರ್ ಟ್ಯೂಬುಗಳು ಕೆಡುತ್ತಾ ಬಂದು, ಸುರಕ್ಷತೆಯ ದೃಷ್ಟಿಯಿಂದ 2018ರಲ್ಲಿ ಇಡೀ ಗೋಪುರವನ್ನು ಆಫ್ ಮಾಡಿದರು. ಎಲ್ಲಾ ತೆಗೆದು ಹೊಸ ಫ್ಲಾಟ್ ಸ್ಕ್ರೀನ್ ಹಾಕುವುದು ಸುಲಭವಿತ್ತು. ಹಾಗೆ ಮಾಡಲಿಲ್ಲ. ಸೆಕೆಂಡ್‌ಹ್ಯಾಂಡ್ ಟಿವಿ ಹುಡುಕಿ ತಂದು, ರಿಪೇರಿ ಮಾಡಿ, ತುದಿಯ 266 ಚಿಕ್ಕವನ್ನು ಮಾತ್ರ ಎಲ್‌ಸಿಡಿಗೆ ಬದಲಿಸಿ, 2022ರಲ್ಲಿ ಮತ್ತೆ ಬೆಳಗಿಸಿದರು. ವರ್ಷಕ್ಕೊಂದು ಮಾಡೆಲ್ ಟಿವಿ ಮಾರುವ ದೇಶ ತನ್ನ ಹಳೇ ಟಿವಿಗಳ ಮೇಲೆ ತೋರಿದ ಈ ಅಕ್ಕರೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಇದನ್ನು ಮೆಚ್ಚಲು ಕಲೆಯ ಪಾಠ ಬೇಕಿಲ್ಲ.

ಚಿತ್ರಗಳ ಗ್ಯಾಲರಿಗಳಲ್ಲಿ ಎರಡು ಹೆಸರು ಹುಡುಕಿ. ಪಾರ್ಕ್ ಸೂ-ಕುನ್, ಕೊರಿಯಾ ಯುದ್ಧದ ದಿನಗಳಲ್ಲಿ ಅಮೆರಿಕನ್ ಸೈನಿಕರ ಅಂಗಡಿಯಲ್ಲಿ ಭಾವಚಿತ್ರ ಬರೆದು ಹೊಟ್ಟೆ ಹೊರೆದವರು. ಬಣ್ಣದ ಮೇಲೆ ಬಣ್ಣ ಹಚ್ಚಿ ಕ್ಯಾನ್ವಾಸನ್ನು ಒರಟು ಗ್ರಾನೈಟ್‌ನಂತೆ ಮಾಡುತ್ತಾರೆ. ಪಕ್ಕದಿಂದ ಓರೆಯಾಗಿ ನೋಡಿ, ಆಗ ಗೊತ್ತಾಗುತ್ತದೆ.

ಇನ್ನೊಬ್ಬರು ಲೀ ಜುಂಗ್-ಸಬ್. ಬಡತನ ತಾಳಲಾಗದೆ 1952ರಲ್ಲಿ ಅವರ ಜಪಾನಿ ಹೆಂಡತಿ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ತವರಿಗೆ ಹೋದರು. ಇವರು ಸಿಗರೇಟು ಪ್ಯಾಕಿನ ಬೇಗಡೆಯನ್ನೇ ಹಾಳೆ ಮಾಡಿಕೊಂಡರು. ಚೂಪು ಮೊನೆಯಿಂದ ಗೀರಿ, ಬಣ್ಣ ಬಳಿದು, ಒರೆಸಿದರೆ ಗೀರಿನಲ್ಲಿ ಮಾತ್ರ ಬಣ್ಣ ನಿಲ್ಲುತ್ತದೆ. ಅಂಗೈಯಗಲದ ಆ ಬೇಗಡೆಗಳಲ್ಲಿ ಮಕ್ಕಳು, ಮೀನು, ಏಡಿ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. 1956ರಲ್ಲಿ ತೀರಿಕೊಂಡಾಗ ಅವರಿಗೆ ಸುಮಾರು ನಲವತ್ತು ವರ್ಷ ಅಷ್ಟೇ. 2021ರಲ್ಲಿ ಸ್ಯಾಮ್‌ಸಂಗ್‌ನ ಲೀ ಕುನ್-ಹೀ ಕುಟುಂಬ ಈ ಮ್ಯೂಸಿಯಂಗೆ ಸಾವಿರಕ್ಕೂ ಹೆಚ್ಚು ಕೃತಿಗಳನ್ನು ದಾನ ಕೊಟ್ಟಿತು, ಅದರಲ್ಲಿ ಇವರವೂ ಬಹಳಷ್ಟಿವೆ. ಕೃತಿಗಳನ್ನು ಆಗಾಗ ಬದಲಿಸುತ್ತಿರುತ್ತಾರೆ. ಬೇಗಡೆ ಚಿತ್ರ ಕಣ್ಣಿಗೆ ಬಿದ್ದರೆ ಅವಸರ ಮಾಡದೆ ನೋಡಿ.

ಮೆಟ್ರೊ 4ನೇ ಲೈನಿನ ಸಿಯೋಲ್ ಗ್ರ್ಯಾಂಡ್ ಪಾರ್ಕ್ ಸ್ಟೇಷನ್‌ನಲ್ಲಿ ಇಳಿದರೆ ಮ್ಯೂಸಿಯಂ ಬಸ್ ಸಿಗುತ್ತದೆ. ಸೋಮವಾರ ರಜೆ. ಪೈಕ್ ಗೋಪುರವನ್ನು ದಿನವಿಡೀ ಹಚ್ಚುವುದಿಲ್ಲ, ಟ್ಯೂಬುಗಳ ಆಯಸ್ಸು ಉಳಿಸಲು ವಾರದ ಕೆಲವೇ ದಿನ, ಕೆಲವೇ ಗಂಟೆ ಹಚ್ಚುತ್ತಾರೆ. ಹಾಗಾಗಿ ಮ್ಯೂಸಿಯಂ ವೆಬ್‌ಸೈಟಿನಲ್ಲಿ ಆ ವೇಳೆ ನೋಡಿಕೊಂಡೇ ಹೊರಡಿ.