ಪುಣೆಯಲ್ಲಿ ಚಂದದ ಬಟ್ಟೆ, ಚಪ್ಪಲಿ, ಮನೆಗೆ ನಾಲ್ಕು ಒಳ್ಳೆ ಸಾಮಾನು: ಎಲ್ಲಿ ಹುಡುಕಬೇಕು?

ಹುಬ್ಬಳ್ಳಿಯಿಂದ ಕೆಲಸಕ್ಕೆಂದು ಬಂದು ಚಿಂಚವಾಡದಲ್ಲಿ ಬಾಡಿಗೆ ಮನೆ ಮಾಡಿದ್ದೀರಿ. ಯಾವ ಮಾಲ್‌ಗೆ ಹೋದರೂ ಒಂದೇ ಥರದ ಮಾಲು, ಇನ್‌ಸ್ಟಾಗ್ರಾಂನಲ್ಲಿ ನೋಡಿದರೂ ಅದೇ ಫೋಟೊ ಹತ್ತು ಪೇಜುಗಳಲ್ಲಿ. ಸ್ವಲ್ಪ ಬೇರೆಯಾಗಿ ಕಾಣುವ ಬಟ್ಟೆ, ಚಪ್ಪಲಿ, ಬ್ಯಾಗು, ಮನೆಗೆ ಒಂದೆರಡು ಚಂದದ ವಸ್ತು ಪುಣೆಯಲ್ಲಿ ಎಲ್ಲಿ ಸಿಗುತ್ತವೆ, ಅದೂ ಸಂಬಳವೆಲ್ಲ ಖಾಲಿಯಾಗದ ಹಾಗೆ ಎಂದು ಕೇಳಿದ್ದೀರಿ.

ಹಳೆ ಪುಣೆಯ ಪೇಠ್‌ಗಳಿಗೆ ಹೋಗಿ. ಕಸಬಾ ಪೇಠ್, ಬುಧವಾರ ಪೇಠ್, ರವಿವಾರ ಪೇಠ್, ಅವುಗಳ ಮಧ್ಯೆ ಹಾದುಹೋಗುವ ಲಕ್ಷ್ಮೀ ರಸ್ತೆ. ನಾನು ಮದುವೆಯಾಗಿ ಬಾಗಲಕೋಟೆ ಕಡೆಯಿಂದ ಇಲ್ಲಿಗೆ ಬಂದಾಗ ಅಲ್ಲಿಗೆ ಹೋಗುವುದೇ ಒಂದು ಸಾಹಸ. ಗಾಡಿ ನಿಲ್ಲಿಸಲು ಜಾಗ ಸಿಕ್ಕರೆ ಅವತ್ತು ಲಾಟರಿ ಹೊಡೆದ ಹಾಗೆ. ಈಗ ನಿಮಗೆ ಆ ಕಷ್ಟ ಇಲ್ಲ. 2024ರ ಸೆಪ್ಟೆಂಬರ್‌ನಿಂದ ಪಿಂಪರಿ ಕಡೆಯ ಮೆಟ್ರೊ ನೆಲದಡಿಯಲ್ಲಿ ಸ್ವಾರಗೇಟ್‌ವರೆಗೆ ಓಡುತ್ತಿದೆ. ಕಸಬಾ ಪೇಠ್ ಅಥವಾ ಮಂಡಈ ನಿಲ್ದಾಣದಲ್ಲಿ ಇಳಿದು ನಡೆದರೆ ಆಯಿತು.

ಎಲ್ಲಿ ಎನ್ನುವುದಕ್ಕಿಂತ ಹೇಗೆ ನೋಡಬೇಕು ಎನ್ನುವುದನ್ನು ಮೊದಲು ಹೇಳುತ್ತೇನೆ. ಏನೇ ಕೈಗೆತ್ತಿಕೊಂಡರೂ ತಿರುಗಿಸಿ ಹಿಂಬದಿ ನೋಡಿ. ಸೀರೆಯಾದರೆ ಒಳಮೈ, ಚಪ್ಪಲಿಯಾದರೆ ಅಟ್ಟೆ, ಪಾತ್ರೆಯಾದರೆ ತಳ. ಮುಂಬದಿಯನ್ನು ಎಲ್ಲರೂ ಚಂದ ಮಾಡುತ್ತಾರೆ. ಹಿಂಬದಿಗೆ ಯಾರು ಎಷ್ಟು ಕಷ್ಟಪಟ್ಟಿದ್ದಾರೆ ಎನ್ನುವುದರ ಮೇಲೆ ನಾನು ದುಡ್ಡು ಕೊಡುತ್ತೇನೆ.

ಲಕ್ಷ್ಮೀ ರಸ್ತೆಯಿಂದ ಶುರು ಮಾಡೋಣ. ಈಗ ಇಲ್ಲಿ ಯಾವ ಬಟ್ಟೆ ಫ್ಯಾಶನ್ ಗೊತ್ತಾ? ನಮ್ಮ ಖಣ! ಅಜ್ಜಿಯರು ಕುಬಸಕ್ಕೆ ಹಾಕುತ್ತಿದ್ದ ಗುಳೇದಗುಡ್ಡದ ಖಣ. ಇಲ್ಲಿ ಅದರ ಕ್ಲಚ್, ಜೋಲಿ ಬ್ಯಾಗು, ದುಪಟ್ಟಾ, ಮಕ್ಕಳ ಫ್ರಾಕು, ದಿಂಬಿನ ಕವರು, ಕಿವಿಯೋಲೆ ಕೂಡ ಮಾಡುತ್ತಾರೆ. ಮರಾಠಿ ಮನೆಗಳಲ್ಲಿ ಖಣದ ರವಿಕೆಗೆ ಮೊದಲಿನಿಂದಲೂ ಮರ್ಯಾದೆ ಇತ್ತು. ಈಗ ಆಫೀಸಿಗೆ ಹೋಗುವ ಹುಡುಗಿಯರೂ ಹಾಕುತ್ತಾರೆ. ಬೇಡಿಕೆ ಹೆಚ್ಚಿತು ಅಂದರೆ ಏನಾಗುತ್ತದೆ ಹೇಳಿ? ಪಾಲಿಯೆಸ್ಟರ್ ಖಣ ರಾಶಿ ರಾಶಿ ಬಂದಿದೆ. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ಅಂಗಡಿಯವರು ಒಪ್ಪಿದರೆ ಅಂಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಪುಡಿ ಬೂದಿಯಾಗುತ್ತದೆ. ಹತ್ತಿ ಕಾಗದದ ಹಾಗೆ ಉರಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಒಂದು ಮಾತು: ದಿಂಬಿನ ಕವರು, ಬ್ಯಾಗು ಇಂಥದ್ದಕ್ಕೆ ಪಾಲಿಯೆಸ್ಟರ್ ಖಣ ಆದರೂ ನಡೆಯುತ್ತದೆ, ತೊಳೆಯಲು ಸುಲಭ. ಮೈಗೆ ಹಾಕುವುದಕ್ಕೆ ಮಾತ್ರ ಬೇಡ. ಪುಣೆಯ ಏಪ್ರಿಲ್ ಬಿಸಿಲಿನಲ್ಲಿ ಪಾಲಿಯೆಸ್ಟರ್ ರವಿಕೆ ಹಾಕಿದರೆ ಮದುವೆ ಊಟದ ಮಧ್ಯೆಯೇ ಎದ್ದು ಮನೆಗೆ ಹೋಗೋಣ ಅನಿಸುತ್ತದೆ.

ಇಳಕಲ್ ಸೀರೆಯೂ ಇಲ್ಲಿ ಧಾರಾಳವಾಗಿ ಸಿಗುತ್ತದೆ. ಅಂಗಡಿಯಲ್ಲಿ ‘ಇರಕಲ್’ ಎಂದು ಕೇಳಿ, ಮರಾಠಿಯವರು ಹಾಗೇ ಹೇಳುವುದು. ನೀವು ಹುಬ್ಬಳ್ಳಿಯವರು, ತೋಪು ತೆನೆ ಸೆರಗು ನೋಡದೆ ಬೆಳೆದಿರುವುದಿಲ್ಲ. ಆದರೆ ಆ ಸೆರಗು ಹೇಗೆ ಸೇರುತ್ತದೆ ಎಂದು ಗಮನಿಸಿದ್ದೀರಾ? ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳು. ಇಳಕಲ್ಲಿನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಅದಕ್ಕೇ ಒಂದೊಂದು ಸೀರೆಗೂ ಹಾಸು ಬೇರೆಯೇ ಹೂಡಬೇಕು. ಸೆರಗು ಶುರುವಾಗುವ ಕಡೆ ಬೆರಳಾಡಿಸಿದರೆ ಆ ಕೊಂಡಿಗಳ ಸಾಲು ಸಿಗಬೇಕು. ಒಂದೇ ಹಾಸಿನಲ್ಲಿ ಉದ್ದಕ್ಕೆ ನೇಯ್ದು ಕತ್ತರಿಸಿದ ಮಿಲ್ಲಿನ ಸೀರೆಯಲ್ಲಿ ಅದು ಸಿಗುವುದಿಲ್ಲ. ನನಗೆ ಇಳಕಲ್ಲಿನಲ್ಲಿ ಇಷ್ಟವಾಗುವುದು ಆ ಅಗಲ ದಡಿ. ಎಂಥ ಸಾದಾ ಬಣ್ಣದ ಸೀರೆಯನ್ನೂ ಅದು ಎತ್ತಿ ನಿಲ್ಲಿಸುತ್ತದೆ. ಆಫೀಸಿನ ಹಬ್ಬದ ದಿನಕ್ಕೆ ಹತ್ತಿಯ ಒಡಲಿನ ಒಂದು ಇಳಕಲ್ ಸಾಕು, ಮೇಲೆ ಬೇರೆ ಒಡವೆಯೇ ಬೇಡ.

ಅದರ ಮೇಲೆ ಕಸೂತಿ ಮಾಡಿದ್ದು ಎಂದು ಹೆಚ್ಚಿಗೆ ದುಡ್ಡು ಕೇಳಿದರೆ ಮತ್ತೆ ತಿರುಗಿಸಿ. ಗವಂತಿ, ಮುರಗಿ ಹೊಲಿಗೆ ಕೈಯಲ್ಲಿ ಹಾಕಿದ್ದಾದರೆ ಎರಡೂ ಕಡೆ ಒಂದೇ ಥರ ಇರುತ್ತದೆ, ಗಂಟು ಕಾಣುವುದಿಲ್ಲ. ಹಿಂದೆ ಬೇರೆ ದಾರ ಗೋಜಲಾಗಿದ್ದರೆ, ಅಥವಾ ಬಿಳಿ ಕಾಗದದಂಥ ಬಟ್ಟೆ ಅಂಟಿಸಿದ್ದರೆ ಅದು ಮಶೀನಿನದು. ಮಶೀನಿನದು ಕೊಳ್ಳಬಾರದು ಅಂತಲ್ಲ. ಮಶೀನಿನ ಬೆಲೆಗೆ ಕೊಳ್ಳಿ, ಅಷ್ಟೇ.

ಪೈಠಣಿ ರೇಷ್ಮೆ ಸೀರೆಯ ಸಹವಾಸಕ್ಕೆ ಸದ್ಯ ಹೋಗಬೇಡಿ. ಅಸಲಿ ಪೈಠಣಿಯ ಸೆರಗು ಹಿಂದೆ ಮುಂದೆ ಒಂದೇ ಥರ ಇರುತ್ತದೆ, ಅದರ ನವಿಲು, ಹೂವು ಎಲ್ಲ ಕೈಯಲ್ಲೇ ಎಳೆ ಸುತ್ತಿ ನೇಯ್ದದ್ದು. ಅದರ ಬೆಲೆಯೂ ಹಾಗೇ ಇರುತ್ತದೆ. ‘ಸೆಮಿ ಪೈಠಣಿ’ ಎಂದು ತೋರಿಸುವುದರ ಹಿಂಬದಿಯಲ್ಲಿ ದಾರ ಜೋತಾಡುತ್ತಿರುತ್ತದೆ ಅಥವಾ ಕತ್ತರಿಸಿರುತ್ತದೆ. ಉಂಗುರ, ಬಳೆಗೆ ಸಿಕ್ಕಿಕೊಳ್ಳುವುದು ಅದೇ ದಾರ.

ಚಪ್ಪಲಿ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ಎಲ್ಲರೂ ಕೊಲ್ಹಾಪುರಿ ಕೊಲ್ಹಾಪುರಿ ಅನ್ನುತ್ತಾರೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಾಗ ಅದರಲ್ಲಿ ಎಂಟು ಜಿಲ್ಲೆಗಳಿದ್ದವು. ನಾಲ್ಕು ಮಹಾರಾಷ್ಟ್ರದ್ದು: ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ. ಉಳಿದ ನಾಲ್ಕು ನಮ್ಮವು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಥಣಿ, ನಿಪ್ಪಾಣಿ ಕಡೆ ಮನೆಮನೆಗಳಲ್ಲಿ ಹೊಲಿದ ಜೋಡುಗಳೂ ಈ ಹೆಸರಿನಲ್ಲೇ ಮಾರಾಟವಾಗುತ್ತವೆ. 2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಶನ್ ಶೋನಲ್ಲಿ ಪ್ರಾಡಾ ಕಂಪನಿ ಮೂಲದ ಹೆಸರು ಹೇಳದೆ ಇದೇ ಥರದ ಚಪ್ಪಲಿ ತೋರಿಸಿ ದೊಡ್ಡ ಗಲಾಟೆ ಆಯಿತಲ್ಲ, ಆಮೇಲೆ ಪುಣೆಯ ಅಂಗಡಿಗಳಲ್ಲೂ ಅದನ್ನು ಕೇಳುವವರು ಜಾಸ್ತಿಯಾದರು. ಟಿವಿಯಲ್ಲಿ ಬರುವವರೆಗೂ ನಮ್ಮ ಮನೆ ಹುಡುಗರು ಅದನ್ನು ಮುದುಕರ ಚಪ್ಪಲಿ ಅನ್ನುತ್ತಿದ್ದರು!

ಕೊಳ್ಳುವಾಗ ಅಟ್ಟೆ ನೋಡಿ. ಅಸಲಿಯಲ್ಲಿ ತೊಗಲಿನ ಪದರಗಳನ್ನು ಒಂದರ ಮೇಲೊಂದು ಇಟ್ಟು ತೊಗಲಿನ ದಾರದಲ್ಲೇ ಹೊಲಿದಿರುತ್ತಾರೆ. ಮೊಳೆ ಇರುವುದಿಲ್ಲ. ಅಂಚಿನಲ್ಲಿ ಪದರಗಳನ್ನು ಬೇರೆ ಬೇರೆಯಾಗಿ ಎಣಿಸಬಹುದು. ತೊಗಲನ್ನು ಮರದ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡುವುದರಿಂದ ವಾಸನೆಯೂ ಬೇರೆ. ಮೂಗಿಗೆ ಅಂಟಿನ ವಾಸನೆ ಹೊಡೆದರೆ ಕೆಳಗಿಡಿ. ಹೊಸದು ಕಚ್ಚುತ್ತದೆ, ಅದನ್ನು ತಪ್ಪಿಸಲು ಆಗುವುದಿಲ್ಲ. ಪಟ್ಟಿಗೆ ಹರಳೆಣ್ಣೆ ಸವರಿ, ಸಂಜೆ ಹೊತ್ತು ಮನೆಯೊಳಗೆ ಹಾಕಿಕೊಂಡು ಓಡಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ತೆಗೆಯಲೇಬೇಡಿ. ಒಮ್ಮೆ ಚೆನ್ನಾಗಿ ನೆನೆದರೆ ಅಟ್ಟೆ ಉಬ್ಬಿ ಆಕಾರ ಕೆಡುತ್ತದೆ, ಮುಚ್ಚಿದ ಡಬ್ಬಿಯಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಬಟ್ಟೆಯ ಚೀಲದಲ್ಲಿ ಸುತ್ತಿ ಗಾಳಿ ಆಡುವ ಕಡೆ ಇಡಿ.

ಮನೆಗೆ ಏನು ಎಂದು ಕೇಳಿದ್ದೀರಲ್ಲ. ಕಸಬಾ ಪೇಠ್‌ನಲ್ಲಿ ತಾಂಬಟ್ ಆಳಿ ಎಂಬ ಓಣಿ ಇದೆ. ತಾಮ್ರದ ಕೆಲಸದವರು ಪೇಶ್ವೆಯರ ಕಾಲದಿಂದ ಅಲ್ಲಿದ್ದಾರೆ. ಓಣಿಗೆ ಕಾಲಿಡುವ ಮೊದಲೇ ಸುತ್ತಿಗೆ ಸದ್ದು ಕೇಳುತ್ತದೆ. ಹಿಂದೆ ಇವರು ಹಂಡೆ, ನೀರು ಕಾಯಿಸುವ ಬಂಬ ಮಾಡುತ್ತಿದ್ದರು. ಗೀಸರ್ ಬಂದ ಮೇಲೆ ಬಂಬ ಯಾರಿಗೆ ಬೇಕು? ಈಗ ಅದೇ ಕೈಗಳು ತಟ್ಟೆ, ಬಟ್ಟಲು, ಲೋಟ, ದೀಪದ ಬುಡ್ಡಿ, ತೂಗುದೀಪದ ಗುಮ್ಮಟ ಮಾಡುತ್ತವೆ. ದೊಡ್ಡ ಊರುಗಳ ಶೋರೂಮಿನಲ್ಲಿ ನಾಲ್ಕು ಪಟ್ಟು ಬೆಲೆಯ ಚೀಟಿ ಅಂಟಿಸಿಕೊಂಡು ಕೂರುವುದು ಇಂಥವೇ.

ಇವರ ಕೆಲಸದ ಗುರುತು ಮಠಾರ್. ನಯವಾದ ಸುತ್ತಿಗೆಯಿಂದ ಬಿಡದೆ ಬಡಿದು, ಮೈತುಂಬ ಸಣ್ಣ ಸಣ್ಣ ತಗ್ಗು ಮೂಡಿಸುತ್ತಾರೆ. ಬೆಳಕು ಬಿದ್ದರೆ ಪ್ರತಿ ತಗ್ಗೂ ಮಿನುಗುತ್ತದೆ. ಇದು ಬರೀ ಅಂದಕ್ಕಲ್ಲ. ಬಡಿದಷ್ಟೂ ತಾಮ್ರ ಗಟ್ಟಿಯಾಗುತ್ತದೆ, ಪಾತ್ರೆ ಸುಲಭಕ್ಕೆ ನೆಗ್ಗುವುದಿಲ್ಲ. ಅಚ್ಚಿನಲ್ಲಿ ಒತ್ತಿದ ನಕಲೂ ಬಂದಿದೆ. ಅದರಲ್ಲಿ ತಗ್ಗುಗಳು ಅಳತೆ ಹಿಡಿದ ಹಾಗೆ ಒಂದೇ ಸಮ ಇರುತ್ತವೆ. ಕೈಕೆಲಸದಲ್ಲಿ ಸಾಲು ಅಲ್ಲಲ್ಲಿ ಸ್ವಲ್ಪ ಓಡಿರುತ್ತದೆ, ತಳದ ನಡುವೆ ಏಟುಗಳು ಒತ್ತೊತ್ತಾಗಿರುತ್ತವೆ. ಕೊಳ್ಳುವಾಗ ಒಂದು ಕೇಳಿ: ಮೇಲೆ ಲ್ಯಾಕರ್ (ಹೊಳಪಿನ ಲೇಪ) ಹಾಕಿದೆಯಾ? ಹಾಕಿದ್ದರೆ ಹೊಳಪು ಉಳಿಯುತ್ತದೆ, ಆದರೆ ಅದು ಅಲಂಕಾರಕ್ಕೆ ಮಾತ್ರ. ಊಟ, ನೀರಿಗೆ ಬಳಸುವುದಾದರೆ ಲ್ಯಾಕರ್ ಇಲ್ಲದ್ದು ತೆಗೆದುಕೊಂಡು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ. ಮಜ್ಜಿಗೆ, ನಿಂಬೆ ಪಾನಕ, ಸಾರು ಇಂಥ ಹುಳಿ ಪದಾರ್ಥಕ್ಕೆ ಒಳಗೆ ಕಲಾಯಿ ಇರಲೇಬೇಕು. ಇಲ್ಲಿ ಜಾಸ್ತಿ ಚೌಕಾಸಿ ಮಾಡಬೇಡಿ ಎಂದು ನನ್ನ ವಿನಂತಿ. ತಾಮ್ರವನ್ನು ಹೆಚ್ಚಾಗಿ ತೂಕದ ಲೆಕ್ಕದಲ್ಲೇ ಮಾರುತ್ತಾರೆ, ನೀವು ಕಡಿಮೆ ಮಾಡಿಸುವುದು ಅವರ ಕೂಲಿಯಲ್ಲಿ.

ಚೌಕಾಸಿಯ ಆಸೆ ಇದ್ದರೆ ತುಳಶಿಬಾಗ್ ಇದೆಯಲ್ಲ. ರಾಮನ ಗುಡಿಯ ಸುತ್ತ ಹಬ್ಬಿದ ಸಂತೆ. ಕಿವಿಯೋಲೆ, ಆಕ್ಸಿಡೈಸ್ಡ್ ಸರ, ಕ್ಲಿಪ್ಪು, ಪರ್ಸು, ದೇವರ ಪುಟ್ಟ ಸಾಮಾನು, ಎಲ್ಲ. “ತಾಈ, ಜರಾ ಕಮಿ ಕರಾ ನಾ” (ಅಕ್ಕಾ, ಸ್ವಲ್ಪ ಕಡಿಮೆ ಮಾಡಿ) ಎಂದರೆ ಸಾಕು, ಸ್ವಲ್ಪ ಇಳಿಸುತ್ತಾರೆ. ಬೆಳ್ಳಿ ಎಂದು ಹೇಳಿದರೆ 925 ಮುದ್ರೆ (ಶೇ. 92.5 ಬೆಳ್ಳಿ ಎಂಬ ಗುರುತು) ನೋಡಿ, ಇಲ್ಲದಿದ್ದರೆ ಅದು ಬೆಳ್ಳಿಯಲ್ಲ ಎಂದೇ ತಿಳಿದು ಬೆಲೆ ಕಟ್ಟಿ. ಕ್ಯಾಂಪಿನ ಫ್ಯಾಶನ್ ಸ್ಟ್ರೀಟ್‌ನಲ್ಲಿ ಟೀಶರ್ಟು, ಪ್ಯಾಂಟು ಅಗ್ಗ. ಹೊಲಿಗೆ ಎಳೆದು ನೋಡಿ ಕೊಳ್ಳಿ. ಅದಕ್ಕಿಂತ ಹೆಚ್ಚು ಹೇಳುವುದು ಏನಿಲ್ಲ. ಕೋರೆಗಾಂವ್ ಪಾರ್ಕ್‌ನ ಬೂಟೀಕುಗಳಿಗೆ ಸುಮ್ನೆ ನೋಡಲು ಹೋಗಿ. ಯಾವ ಬಣ್ಣಕ್ಕೆ ಯಾವುದು ಹೊಂದುತ್ತದೆ ಎಂದು ಅಲ್ಲಿ ಕಲಿಯಬಹುದು. ಯಾರದೋ ಕಟಿಂಗ್ ನಿಜವಾಗಿ ಹಿಡಿಸಿದರೆ ದುಡ್ಡು ಕೊಟ್ಟು ಅವರಲ್ಲೇ ಕೊಳ್ಳಿ. ಫೋಟೊ ಹೊಡೆದು ದರ್ಜಿಗೆ ತೋರಿಸುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬರುವುದು ಟವೆಲ್. ನಗಬೇಡಿ. ಸೋಲಾಪುರ ಇಲ್ಲಿಗೆ ತೀರಾ ದೂರವಲ್ಲ, ಅಲ್ಲಿನ ಚಾದರ, ಟೆರ್ರಿ ಟವೆಲ್ ಲಕ್ಷ್ಮೀ ರಸ್ತೆ ಸುತ್ತಮುತ್ತ ಎಲ್ಲ ಕಡೆ ಸಿಗುತ್ತವೆ. ಸೋಲಾಪುರದಲ್ಲಿ ಕನ್ನಡದವರು ಎಷ್ಟಿದ್ದಾರೆ ಎಂದು ನಿಮಗೆ ಗೊತ್ತೇ ಇದೆ, ಕೆಲವು ಅಂಗಡಿಗಳಲ್ಲಿ ಕನ್ನಡದಲ್ಲೇ ಮಾತಾಡಿ ಮುಗಿಸಬಹುದು. ಟವೆಲ್‌ನ ದಪ್ಪವನ್ನು ಜಿಎಸ್‌ಎಂ ಲೆಕ್ಕದಲ್ಲಿ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಎಂದು ಹೇಳುತ್ತಾರೆ. ದಿನದ ಬಳಕೆಗೆ 400ರಿಂದ 500 ಸಾಕು. 600 ದಾಟಿದ್ದು ಹೋಟೆಲಿನ ಹಾಗೆ ಮೆತ್ತಗಿರುತ್ತದೆ, ಆದರೆ ಪುಣೆಯ ಮಳೆಗಾಲದಲ್ಲಿ ಫ್ಲ್ಯಾಟಿನ ಬಾಲ್ಕನಿಯಲ್ಲಿ ಒಣಗುವುದೇ ಇಲ್ಲ. ತೊಳೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ, ಅದು ಎಳೆಗೆ ಮೆತ್ತಿಕೊಂಡರೆ ಟವೆಲ್ ನೀರು ಹೀರುವುದಿಲ್ಲ. ಗೋಡೆಗೆ ತೂಗುಹಾಕುವ ವಸ್ತುವನ್ನು ವಾರಕ್ಕೊಮ್ಮೆ ನೋಡುತ್ತೀರಿ. ಟವೆಲ್ ದಿನಾ ಮುಖಕ್ಕೆ ತಾಗುತ್ತದೆ. ಮೊದಲ ಸಂಬಳದಲ್ಲಿ ಒಂದೇ ವಸ್ತು ಕೊಳ್ಳುವುದಾದರೆ ಇದನ್ನೇ ಕೊಳ್ಳಿ.

ಹಳೆ ಸಾಮಾನಿನ ಹುಚ್ಚಿದ್ದರೆ ಬುಧವಾರ, ಭಾನುವಾರ ಸೇರುವ ಜೂನಾ ಬಜಾರ್‌ಗೆ ಹೋಗಿ. ಉಪ್ಪಿನಕಾಯಿ ಭರಣಿ, ಹಿತ್ತಾಳೆ ಬೀಗ, ಬಣ್ಣದ ಗಾಜಿನ ಸೀಸೆ ಸಿಗುತ್ತವೆ. ಹಡಗಿನ ದಿಕ್ಸೂಚಿ, ಗ್ರಾಮಫೋನ್ ಎಂದು ತೋರಿಸಿದರೆ ಹುಷಾರು, ಹೊಸದನ್ನೇ ಕಪ್ಪು ಮಾಡಿ ಹಳೆಯದೆಂದು ಮಾರುವುದು ಇದೆ. ನಿಜವಾಗಿ ಹಳೆಯದಾದರೆ ಕೈ ತಾಗುವ ಕಡೆ ಸವೆದಿರುತ್ತದೆ, ಸಂದಿಯಲ್ಲಿ ಕೊಳೆ ಕೂತಿರುತ್ತದೆ. ಎಲ್ಲ ಕಡೆ ಒಂದೇ ಸಮ ಕಪ್ಪಾಗಿದ್ದರೆ ಅದು ಹೋದ ತಿಂಗಳಿನದು.

ಆನ್‌ಲೈನ್ ಪೂರ್ತಿ ಬಿಡಿ ಎಂದು ಹೇಳುವುದಿಲ್ಲ. ಕೊಳ್ಳುವ ಮೊದಲು ಹಿಂಬದಿಯ ಫೋಟೊ, ಬಿಸಿಲಿನಲ್ಲಿ ತೆಗೆದ ವಿಡಿಯೊ ಕೇಳಿ. ಮಾಲು ಕೈಯಲ್ಲಿ ಇಟ್ಟುಕೊಂಡವರು ಹತ್ತು ನಿಮಿಷದಲ್ಲಿ ಕಳಿಸುತ್ತಾರೆ. ಯಾರದೋ ಫೋಟೊ ಹಾಕಿ ಮಾರುವವರು “ಮೇಡಂ, ಕ್ವಾಲಿಟಿ ಗ್ಯಾರಂಟಿ” ಎಂದು ಬರೆಯುತ್ತಾರೆ.

ಡಿಸೆಂಬರ್‌ವರೆಗೆ ಕಾಯಲು ಆದರೆ ಭೀಮಥಡಿ ಜಾತ್ರೆ ನೋಡಿ. ಹಳ್ಳಿಗಳ ಮಹಿಳಾ ಸಂಘದವರು ಬಂದು ಮಳಿಗೆ ಹಾಕುತ್ತಾರೆ. ಖಣ, ಕಂಬಳಿ, ಬುಟ್ಟಿ, ಚಟ್ನಿಪುಡಿ, ಎಲ್ಲ ಮಾಡಿದವರ ಕೈಯಿಂದಲೇ ಸಿಗುತ್ತದೆ. ಮಧ್ಯಾಹ್ನ ಹೋಗಿ, ಸಂಜೆ ಜುಣಕ-ಭಾಕರಿಗೆ ನಿಲ್ಲುವ ಸಾಲಿನಲ್ಲಿ ಬಟ್ಟೆ ನೋಡಲು ಆಗುವುದಿಲ್ಲ.

ಪೇಠ್‌ಗಳಿಗೆ ಮಾತ್ರ ಮಧ್ಯಾಹ್ನ ಹೋಗಬೇಡಿ. ಒಂದರಿಂದ ನಾಲ್ಕರವರೆಗೆ ಪುಣೆಯ ಅಂಗಡಿಯವರು ಮಲಗುತ್ತಾರೆ ಎನ್ನುವುದು ತಮಾಷೆಯಾದರೂ, ಹಳೆ ಅಂಗಡಿಗಳು ಕೆಲವು ಈಗಲೂ ಬಾಗಿಲು ಎಳೆಯುತ್ತವೆ. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ತಾಂಬಟ್ ಆಳಿ ಮುಗಿಸಿಕೊಂಡು ಲಕ್ಷ್ಮೀ ರಸ್ತೆಗೆ ಬರಬಹುದು. ಗಣಪತಿ ಹಬ್ಬದ ಹತ್ತು ದಿನ ಮತ್ತು ದೀಪಾವಳಿಯ ಹಿಂದಿನ ವಾರ ಆ ಕಡೆ ತಲೆಯೇ ಹಾಕಬೇಡಿ. ಕಾಲಿಡಲು ಜಾಗ ಇರುವುದಿಲ್ಲ, ಅಂಗಡಿಯವರಿಗೆ ಸೀರೆ ಮಡಿಕೆ ಬಿಚ್ಚಿ ಹಿಂಬದಿ ತೋರಿಸುವಷ್ಟು ಪುರಸೊತ್ತೂ ಇರುವುದಿಲ್ಲ.