ಅಮ್ಮ ಆಂಗ್ಲೋ-ಇಂಡಿಯನ್, ಅಪ್ಪ ಹಾಸನದವರು. ಡಿಎನ್‌ಎ ಟೆಸ್ಟ್ ಮಾಡಿಸಿದರೆ ನಾನು ಶೇಕಡ ಎಷ್ಟು ಆಂಗ್ಲೋ-ಇಂಡಿಯನ್ ಅಂತ ಗೊತ್ತಾಗುತ್ತಾ?

ಗೊತ್ತಾಗಲ್ಲ, ದುಡ್ಡು ಉಳಿಸಿಕೊಳ್ಳಿ. ನನ್ನ ತಾಯಿಯ ಕಡೆಯವರು ಕೆಜಿಎಫ್‌ನವರು, ತಂದೆ ತುಮಕೂರಿನವರು. ಇದೇ ಲೆಕ್ಕಕ್ಕೆ ಬಿದ್ದು ನಾನು ಎಂಟು ತಿಂಗಳು ಕಳೆದುಕೊಂಡೆ.

ಆಂಗ್ಲೋ-ಇಂಡಿಯನ್ ಅಂದರೆ ಯಾರು ಅಂತ ಹೇಳುವುದು ಸಂವಿಧಾನದ 366(2)ನೇ ವಿಧಿ. ಮೊದಲು ಓದಬೇಕಿದ್ದ ಅದನ್ನು ಕೊನೆಗೆ ಓದಿದ್ದೇ ನನ್ನ ತಪ್ಪು. ತಂದೆ, ತಂದೆಯ ತಂದೆ, ಅವರ ತಂದೆ ಹೀಗೆ ಗಂಡು ಸಾಲಿನಲ್ಲೇ ಮೇಲೆ ಹೋದರೆ ಯಾರಾದರೊಬ್ಬರು ಯುರೋಪಿಯನ್ ಮೂಲದವರಾಗಿರಬೇಕು, ಅನ್ನುತ್ತದೆ ಅದು. ಜೊತೆಗೆ ಆಂಗ್ಲೋ-ಇಂಡಿಯನ್ ಅನ್ನಿಸಿಕೊಳ್ಳುವ ವ್ಯಕ್ತಿ ಭಾರತದಲ್ಲಿ ನೆಲೆಸಿರಬೇಕು. ಇಲ್ಲೇ ಕಾಯಂ ವಾಸವಿದ್ದ ತಂದೆತಾಯಿಗೆ ಇಲ್ಲೇ ಹುಟ್ಟಿರಬೇಕು. ಅರ್ಧ, ಕಾಲು, ವೀಸ ಎಂಬ ಮಾತೇ ಅಲ್ಲಿಲ್ಲ. ಮುತ್ತಜ್ಜನ ಅಪ್ಪ ಐರಿಶ್ ಸಿಪಾಯಿ, ಆಮೇಲೆ ಮನೆಗೆ ಬಂದ ಸೊಸೆಯರೆಲ್ಲ ಕೋಲಾರದವರು ಅಂದರೂ ಆ ಸಾಲಿನ ಹುಡುಗ ಆಂಗ್ಲೋ-ಇಂಡಿಯನ್. ತಾಯಿ ಲಂಡನ್ನಿನವರೇ ಆಗಿದ್ದು ತಂದೆ ಮಂಡ್ಯದ ಗೌಡರಾದರೆ ಮಗು ಅಲ್ಲ. ಮೈಬಣ್ಣ, ಮನೆಮಾತು ಲೆಕ್ಕಕ್ಕಿಲ್ಲ.

ನಾನು ಹುಡುಕಿದ್ದು ಅಮ್ಮನ ಅಮ್ಮನ ಕಡೆ. ಸಿಪಾಯಿಯೊಬ್ಬ ಸಿಕ್ಕಿದ, ಕುಣಿದಾಡಿದೆ. ಆದರೆ ಸಾಲು ಅಜ್ಜಿಯಲ್ಲಿ ಒಮ್ಮೆ, ಅಮ್ಮನಲ್ಲಿ ಇನ್ನೊಮ್ಮೆ ಕಡಿದಿತ್ತು. ಒಂದು ಕಡೆ ಕಡಿದರೇ ಸಾಕಿತ್ತು! ನಿಮ್ಮದು ಅಮ್ಮನಲ್ಲೇ ಕಡಿಯುತ್ತದೆ.

ಡಿಎನ್‌ಎ ವಿಷಯಕ್ಕೆ ಬಂದರೆ, ತಂದೆಯ ಸಾಲನ್ನು ತೋರಿಸುವುದು ವೈ ಕ್ರೋಮೋಸೋಮ್. ನೀವು ಹೆಣ್ಣಾದರೆ ಅದು ಇಲ್ಲ, ಗಂಡಾದರೆ ಅದು ಹಾಸನದ್ದು. ಕಂಪನಿಗಳು ಕೊಡುವ ಶೇಕಡಾವಾರು ಅವರ ಬಳಿ ಇರುವ ಮಾದರಿಗಳ ಜೊತೆಗಿನ ಹೋಲಿಕೆ ಅಷ್ಟೇ; ಮಾದರಿ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಅಮ್ಮನ ಮನೆತನ ತಿಳಿಯಬೇಕೆಂಬ ಆಸೆಯಿದ್ದರೆ ಕಾಗದ ಹಿಡಿಯಿರಿ. ಸಿಪಾಯಿಯಿಂದ ಕೆಳಗಿಳಿಯಬೇಡಿ, ಅಮ್ಮನಿಂದ ಮೇಲೆ ಹತ್ತಿ. ಅಮ್ಮನ ಬ್ಯಾಪ್ಟಿಸಂ, ಅವರ ತಂದೆತಾಯಿಯ ಮದುವೆ, ಆಮೇಲೆ ಆ ತಂದೆಯ ಬ್ಯಾಪ್ಟಿಸಂ: ತಲೆಮಾರಿಗೆ ಎರಡು ನಮೂದು ಹೊಂದಬೇಕು. ಹೆಸರೊಂದೇ ಹೊಂದಿದರೆ ಸಾಲದು, ಊರು ಮತ್ತು ತಂದೆಯ ಉದ್ಯೋಗವೂ ಕೂಡಬೇಕು. ಕಂಟೋನ್ಮೆಂಟಿನಲ್ಲಿ ಒಂದೇ ಹೆಸರಿನ ಸಿಪಾಯಿಗಳು ಬೇಕಾದಷ್ಟಿದ್ದರು. ಬೆಂಗಳೂರು ಕಂಟೋನ್ಮೆಂಟಿನ ಚರ್ಚ್ ನಮೂದುಗಳ ಪ್ರತಿಗಳು ಮದ್ರಾಸಿನ ಮೂಲಕ ಲಂಡನ್ನಿಗೆ ಹೋದವು. ಈಗ ಬ್ರಿಟಿಷ್ ಲೈಬ್ರರಿಯ ಎನ್/2 ಸರಣಿಯಲ್ಲಿವೆ.

ಸರ್‌ನೇಮ್ ನಂಬಲೇಬೇಡಿ. ಡಿಸೋಜ, ಪಿಂಟೊ ಅಂದಮಾತ್ರಕ್ಕೆ ಪೋರ್ಚುಗೀಸ್ ರಕ್ತ ಅಂತಲ್ಲ. ಮಂಗಳೂರಿನ ಕೊಂಕಣಿ ಕ್ರೈಸ್ತರ ಹಿರಿಯರಿಗೆ ಅವು ದೀಕ್ಷಾಸ್ನಾನದಲ್ಲಿ ಬಂದ ಹೆಸರುಗಳು. ಇನ್ನೊಂದು ಗುಂಡಿ ಇದೆ: 1911ರ ಜನಗಣತಿಗಿಂತ ಹಳೆಯ ಬರಹದಲ್ಲಿ 'ಆಂಗ್ಲೋ-ಇಂಡಿಯನ್' ಅಂದರೆ ಸಾಮಾನ್ಯವಾಗಿ ಇಲ್ಲಿದ್ದ ಅಪ್ಪಟ ಬ್ರಿಟಿಷರು. ನಿಮ್ಮವರನ್ನು ಹುಡುಕಬೇಕಾದ್ದು 'ಯುರೇಷಿಯನ್' ಅನ್ನುವ ಪದದಡಿ.

ಶಾಸನಸಭೆಗಳಲ್ಲಿ ಆಂಗ್ಲೋ-ಇಂಡಿಯನ್ನರಿಗಿದ್ದ ನಾಮನಿರ್ದೇಶನದ ಸೀಟಿನ ಆಸೆಯಿದ್ದರೆ ಅದೂ 2020ರ ಜನವರಿಗೇ ಮುಗಿಯಿತು.